ಎಣಿಸುವುದು ಬೇರೆ, ಅರಿಯುವುದು ಬೇರೆ

ನಮ್ಮ ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಕಣಗಳಲ್ಲಿ ರಾಶಿ ಅಳೆಯುವ ಹಿರಿಯರು ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದುಂಟು. ಶಬ್ದ ಬದಲಾದರೂ ಲೆಕ್ಕ ತಪ್ಪುವುದಿಲ್ಲ. ಅರ್ಥವು ಅವರ ಮನಸ್ಸಿನಲ್ಲಿ ನೆಲೆಗೊಂಡಿದೆ. ಚಿಕ್ಕ ಮಕ್ಕಳ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅವರಿಗೆ ಶಬ್ದ ಮೊದಲು ಬರುತ್ತದೆ, ಅರ್ಥ ತಡವಾಗಿ ತಿಳಿಯುತ್ತದೆ.

ರಬಕವಿ-ಬನಹಟ್ಟಿಯ ನೇಕಾರರ ಮನೆಯೊಂದನ್ನು ಕಲ್ಪಿಸಿಕೊಳ್ಳಿರಿ. ಮೂರು ವರ್ಷದ ಮಗು ಬೀಗರ ಮುಂದೆ ಹತ್ತರವರೆಗೆ ತಪ್ಪಿಲ್ಲದೆ ಹೇಳುತ್ತದೆ. ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಮಗ್ಗದ ಬಳಿಯಿಂದ ಅಜ್ಜ, “ನಾಕ ಕಂಡಿಕಿ ತಾ ನನ್ನವ್ವ” ಎನ್ನುತ್ತಾನೆ. ಮಗು ಕೈತುಂಬ ತಂದು ಸುರಿಯುತ್ತದೆ. “ಇಷ್ಟೂ ತಿಳಿಯೂದಿಲ್ಲೇನು?” ಎಂದು ತಾಯಿ ಗದರುತ್ತಾಳೆ. ಮಗುವಿನ ಮುಖ ಬಾಡುತ್ತದೆ. ಇಲ್ಲಿ ತಪ್ಪು ಮಗುವಿನದಲ್ಲ.

ಮನಶ್ಶಾಸ್ತ್ರಜ್ಞೆ ಕರೆನ್ ವಿನ್ ಅವರು 1990 ಹಾಗೂ 1992ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಅಮೆರಿಕದ ಮಕ್ಕಳಿಗೆ ಇಂಥದೇ ಪರೀಕ್ಷೆ ನಡೆದಿತ್ತು. ‘ಇಷ್ಟು ಆಟಿಕೆ ಕೊಡು’ ಎಂದಾಗ ಮಕ್ಕಳಿಗೆ ಮೊದಲು ‘ಒಂದು’ ಎಂಬುದರ ಅರ್ಥ ಮಾತ್ರ ತಿಳಿದಿರುತ್ತದೆ. ಕೆಲವು ತಿಂಗಳ ತರುವಾಯ ‘ಎರಡು’, ಆಮೇಲೆ ‘ಮೂರು’. ಸಾಮಾನ್ಯವಾಗಿ ಮೂರೂವರೆ, ನಾಲ್ಕು ವರ್ಷದ ಸುಮಾರಿಗೆ, ಎಣಿಸುವಾಗ ಬಂದ ಕೊನೆಯ ಶಬ್ದವೇ ಒಟ್ಟು ಸಂಖ್ಯೆ ಎಂಬ ಮರ್ಮ ಹೊಳೆಯುತ್ತದೆ. ಅಲ್ಲಿಯವರೆಗೆ ಒಂದರಿಂದ ಹತ್ತು ಎಂಬುದು ಬಾಯಿಪಾಠದ ಹಾಡಷ್ಟೇ.

ಕನ್ನಡದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕರುಗಳು ಎರಡು, ಅಣ್ಣಂದಿರು ಇಬ್ಬರು. ರೊಟ್ಟಿ ಮೂರು, ಅತಿಥಿಗಳು ಮೂವರು. ಒಂದೇ ಸಂಖ್ಯೆಗೆ ಎರಡು ರೂಪಗಳನ್ನು ನಮ್ಮ ಮಕ್ಕಳು ಕಲಿಯಬೇಕಾಗುತ್ತದೆ.

ಹಾಗಾದರೆ ಹಿರಿಯರ ಕರ್ತವ್ಯವೇನು? 2010ರಲ್ಲಿ ಷಿಕಾಗೋದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, 14ರಿಂದ 30 ತಿಂಗಳ ವಯಸ್ಸಿನಲ್ಲಿ ಮನೆಯವರಿಂದ ಸಂಖ್ಯೆಯ ಮಾತನ್ನು ಹೆಚ್ಚಾಗಿ ಕೇಳಿದ ಮಕ್ಕಳು, ನಾಲ್ಕು ವರ್ಷ ಸಮೀಪಿಸುವಾಗ ಸಂಖ್ಯೆಗಳ ಅರ್ಥವನ್ನು ಚೆನ್ನಾಗಿ ಅರಿತಿದ್ದರು. ಇದಕ್ಕೆ ಹಣ ಬೇಡ, ದುಬಾರಿ ಶಾಲೆಯೂ ಬೇಡ. ಬುಟ್ಟಿಯ ರೊಟ್ಟಿ, ಹಣೆಯ ಮೇಲಿನ ವಿಭೂತಿಯ ಮೂರು ಎಳೆ, ಅಂಗಳದ ಕರು, ಮಗ್ಗದ ಬಳಿಯ ಕಂಡಿಕೆ ಇವೇ ಪಾಠದ ಸಾಮಗ್ರಿ. “ಇಲ್ಲಿ ಮೂರು ರೊಟ್ಟಿ ಇವೆ” ಎಂದು ಮೊದಲು ಹೇಳಿರಿ. ಬಳಿಕ ಒಂದೊಂದನ್ನೇ ಮುಟ್ಟಿ ಎಣಿಸಿರಿ. ಮತ್ತೆ “ಮೂರು” ಎನ್ನಿರಿ. ನೂರರವರೆಗೆ ಉರು ಹೊಡೆಸುವ ಆತುರ ಬೇಡ.

ತಾಯಂದಿರೇ, ನಾಲ್ಕು ಕೇಳಿದಾಗ ಮಗು ಕೈತುಂಬ ತಂದರೆ ಗದರಬೇಡಿರಿ. ಪಕ್ಕದಲ್ಲಿ ಕುಳಿತು ಅದರೊಂದಿಗೆ ನಾಲ್ಕನ್ನು ಎಣಿಸಿ ಅಜ್ಜನ ಕೈಗೆ ಕೊಡಿಸಿರಿ. ಲೆಕ್ಕ ಇಂದಲ್ಲ ನಾಳೆ ಬರುತ್ತದೆ. ಎಳೆಯ ಮನಸ್ಸಿನಲ್ಲಿ ಹೊಕ್ಕ ಅಂಜಿಕೆ ಬೇಗ ಹೋಗುವುದಿಲ್ಲ.