ಏಳಲೊಲ್ಲದ ಡೇಟಾಬೇಸ್

ರೈಲಿನ ಮುಂಗಡ ಟಿಕೆಟ್ಟು, ಬ್ಯಾಂಕಿನ ಖಾತೆ, ಆಸ್ಪತ್ರೆಯ ರೋಗಿಗಳ ವಿವರ, ಕಾಲೇಜಿನ ಅಂಕಪಟ್ಟಿ ಇವೆಲ್ಲವೂ ಇಂದು ಡೇಟಾಬೇಸ್ ಎಂಬ ಗಣಕ ಭಂಡಾರಗಳಲ್ಲಿ ಅಡಕವಾಗಿವೆ. ಈ ಭಂಡಾರವನ್ನು ಕಾಯ್ದು, ಕೇಳಿದವರಿಗೆ ಬೇಕಾದುದನ್ನು ತೆಗೆದುಕೊಡುವ ತಂತ್ರಾಂಶಕ್ಕೆ ಡೇಟಾಬೇಸ್ ಸರ್ವರ್ ಎಂದು ಹೆಸರು. ವಿದ್ಯುತ್ತು ಹೋಗಿ ಬಂದ ಮೇಲೆ ಕೆಲವೊಮ್ಮೆ ಈ ಸರ್ವರ್ ಏಳಲೊಲ್ಲದು. ಎದ್ದಂತೆ ಮಾಡಿ ಮತ್ತೆ ಬಿದ್ದುಬಿಡುತ್ತದೆ. ಆಗ ಗಾಬರಿಯಿಂದ ಕೈಗೊಂಡ ಚಿಕಿತ್ಸೆಯು ಮೂಲ ರೋಗಕ್ಕಿಂತಲೂ ಹೆಚ್ಚಿನ ಹಾನಿಯನ್ನುಂಟುಮಾಡಬಹುದು. ಹೀಗೇಕೆಂಬುದನ್ನು ತಿಳಿಯಬೇಕಾದರೆ ಸರ್ವರ್ ಏಳುವ ಬಗೆಯನ್ನು ನಾವು ಮೊದಲು ಅರಿಯಬೇಕು.

ಉದಾಹರಣೆಗೆ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಸರ್ವರನ್ನು ತೆಗೆದುಕೊಳ್ಳೋಣ. 1986ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಮೈಕೇಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಯೋಜನೆಯೊಂದರಿಂದ ಬೆಳೆದು ಬಂದುದು ಇದು.

ಅಂಗಡಿಯ ಗುಮಾಸ್ತನು ವ್ಯವಹಾರ ನಡೆದೊಡನೆ ಅದನ್ನು ದಿನವಹಿಯಲ್ಲಿ ಬರೆದಿಟ್ಟು, ಬಿಡುವಾದಾಗ ಖಾತೆ ಪುಸ್ತಕಕ್ಕೆ ಏರಿಸುತ್ತಾನಷ್ಟೆ. ಸರ್ವರಿನ ಪದ್ಧತಿಯೂ ಅದೇ. ಅದರ ಖಾತೆ ಪುಸ್ತಕವು ಡಿಸ್ಕಿನ ಮೇಲೆ 8 ಕಿಲೋಬೈಟಿನ ಪುಟಗಳಾಗಿ ಇರುತ್ತದೆ. ಪ್ರತಿಯೊಂದು ಬದಲಾವಣೆಗೂ ಆಯಾ ಪುಟವನ್ನು ಹುಡುಕಿ ಬರೆಯುತ್ತ ಕುಳಿತರೆ ಕೆಲಸ ಸಾಗದು. ಆದುದರಿಂದ ಸರ್ವರು ಬದಲಾವಣೆಯನ್ನು ಮೊದಲು ದಿನವಹಿಯಲ್ಲಿ ಬರೆದು, ಅದು ಡಿಸ್ಕಿಗೆ ಭದ್ರವಾಗಿ ಇಳಿದ ಬಳಿಕವೇ ‘ಆಯಿತು’ ಎಂದು ಉತ್ತರಿಸುತ್ತದೆ. ತಿದ್ದಿದ ಪುಟಗಳು ಗಣಕದ ಸ್ಮೃತಿಯಲ್ಲಿದ್ದು, ಸಾವಕಾಶವಾಗಿ ಡಿಸ್ಕಿಗೆ ಇಳಿಯುತ್ತವೆ. ಕೆಲಸ ನಡೆಯುತ್ತಿರುವಾಗ, ಸಾಮಾನ್ಯ ಏರ್ಪಾಡಿನಲ್ಲಿ, 5 ನಿಮಿಷಕ್ಕೊಮ್ಮೆಯಾದರೂ ‘ಇಲ್ಲಿಯವರೆಗಿನ ಲೆಕ್ಕ ಏರಿಸಿದೆ’ ಎಂಬ ಗುರುತು ದಿನವಹಿಯಲ್ಲಿ ಬೀಳುತ್ತದೆ. ಇದೇ ಚೆಕ್‌ಪಾಯಿಂಟ್.

ವಿದ್ಯುತ್ತು ಥಟ್ಟನೆ ಹೋದರೆ ಸ್ಮೃತಿ ಬರಿದಾಗುತ್ತದೆ, ದಿನವಹಿ ಉಳಿಯುತ್ತದೆ. ಮರಳಿ ಏಳುವ ಸರ್ವರು ಕೊನೆಯ ಗುರುತನ್ನು ಹುಡುಕಿ, ಅದರ ಮುಂದಿನ ಬರಹವನ್ನೆಲ್ಲ ಖಾತೆಗೆ ಏರಿಸುತ್ತದೆ. ಇದಕ್ಕೆ ಕೆಲವು ನಿಮಿಷಗಳು ಹಿಡಿದಾವು. ಅಷ್ಟರೊಳಗೆ ಬಂದವರನ್ನೆಲ್ಲ ಅದು ಹಿಂದಕ್ಕೆ ಕಳುಹಿಸುವುದರಿಂದ, ಸರ್ವರು ಸತ್ತಿತೆಂದು ಬಗೆದು ಅದನ್ನು ನಿಲ್ಲಿಸಿ ಮತ್ತೆ ಹೊರಡಿಸುವವರುಂಟು. ನಿಲ್ಲಿಸಿದಾಗಲೆಲ್ಲ ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ನಿಜವಾಗಿ ಬಿದ್ದುಬಿಡುವುದಕ್ಕೆ ಕಾರಣಗಳು ಹಲವು. ಡಿಸ್ಕು ತುಂಬಿದ್ದರೆ ಲೆಕ್ಕ ಏರಿಸಲು ಸ್ಥಳವಿಲ್ಲ. ಕಡತಗಳ ಒಡೆತನ ಬದಲಾಗಿದ್ದರೆ ಅವನ್ನು ತೆರೆಯುವ ಅಧಿಕಾರವಿಲ್ಲ. ಏರ್ಪಾಡಿನ ಕಡತದಲ್ಲಿ ಯಂತ್ರಕ್ಕೆ ಇರುವುದಕ್ಕಿಂತ ಹೆಚ್ಚು ಸ್ಮೃತಿಯನ್ನು ಕೇಳಿದ್ದರೆ ಅದು ದೊರೆಯದು. ಡಿಸ್ಕು ಕೆಟ್ಟು ಪುಟವೋ ದಿನವಹಿಯೋ ಹಾಳಾಗಿರಲೂಬಹುದು. ಇವುಗಳಲ್ಲಿ ಯಾವುದೆಂಬುದನ್ನು ಸರ್ವರು ತಾನೇ ವರದಿ ಕಡತದಲ್ಲಿ ಬರೆದಿಡುತ್ತದೆ. ಆದುದರಿಂದ ಮೊದಲ ಕೆಲಸವೆಂದರೆ ಅದನ್ನು ಓದುವುದು. ಕೊನೆಯ ಸಾಲು ಬಹುಮಟ್ಟಿಗೆ ಪರಿಣಾಮವನ್ನಷ್ಟೇ ಹೇಳುತ್ತದೆ. ಕಾರಣವಿರುವುದು ಮೊದಲ ದೋಷವನ್ನು ಹೇಳುವ ಸಾಲಿನಲ್ಲಿ. ಎರಡನೆಯದು, ಡಿಸ್ಕಿನಲ್ಲಿ ಎಷ್ಟು ಸ್ಥಳ ಉಳಿದಿದೆಯೆಂದು ನೋಡುವುದು. ಮೂರನೆಯದು, ಯಾವ ದುರಸ್ತಿಗೂ ಕೈಹಾಕುವ ಮುನ್ನ ಸರ್ವರನ್ನು ಪೂರ್ತಿಯಾಗಿ ನಿಲ್ಲಿಸಿ, ಇಡೀ ದತ್ತಾಂಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡುವುದು. ನಕಲಿದ್ದರೆ ತಪ್ಪು ಪ್ರಯೋಗವನ್ನು ಹಿಂದೆಗೆದುಕೊಳ್ಳಬಹುದು. ಇಲ್ಲವಾದರೆ ಮೊದಲನೆಯ ತಪ್ಪೇ ಕಡೆಯದಾಗಬಹುದು.

ಡಿಸ್ಕು ತುಂಬಿದಾಗ ಕಣ್ಣಿಗೆ ಬೀಳುವುವು ಸಾಮಾನ್ಯವಾಗಿ ತಲಾ 16 ಮೆಗಾಬೈಟಿನ ದಿನವಹಿಯ ಕಡತಗಳು. ಅವನ್ನು ಅಳಿಸಿದರೆ ಸ್ಥಳವೇನೋ ದೊರೆಯುತ್ತದೆ. ಆದರೆ ಚೆಕ್‌ಪಾಯಿಂಟಿನ ಗುರುತು ಸಿಗದೆ ಸರ್ವರು ಏಳುವುದೇ ಇಲ್ಲ. ಈ ಕಡತಗಳ ಕೋಶಕ್ಕೆ ಹಿಂದೆ ‘ಪಿಜಿ_ಎಕ್ಸ್‌ಲಾಗ್’ ಎಂದು ಹೆಸರಿತ್ತು. ‘ಲಾಗ್’ ಎಂಬ ಶಬ್ದವನ್ನು ಕಂಡು, ಇವು ಬರಿಯ ಹಳೆಯ ವರದಿಗಳೆಂದು ತಿಳಿದು ಅಳಿಸಿ ದತ್ತಾಂಶವನ್ನು ಕಳೆದುಕೊಂಡವರಿದ್ದರು. ಆ ಕಾರಣದಿಂದಲೇ 2017ರಲ್ಲಿ ಹೊರಬಂದ 10ನೆಯ ಆವೃತ್ತಿಯಲ್ಲಿ ಆ ಹೆಸರನ್ನು ‘ಪಿಜಿ_ವಾಲ್’ ಎಂದು ಬದಲಾಯಿಸಲಾಯಿತು. ಸ್ಥಳ ಬೇಕಾದರೆ ಸರ್ವರಿಗೆ ಸಂಬಂಧಿಸದ ಬೇರೆ ಕಡತಗಳನ್ನು ತೆಗೆಯಬೇಕು, ಇಲ್ಲವೆ ಡಿಸ್ಕನ್ನು ಹಿರಿದುಮಾಡಬೇಕು.

ದಿನವಹಿಯೇ ಹಾಳಾದಾಗ ಹಿಂದೆ ತೆಗೆದಿಟ್ಟ ಬ್ಯಾಕಪ್ಪೇ ಸರಿಯಾದ ಆಸರೆ. ‘ಪಿಜಿ_ರೀಸೆಟ್‌ವಾಲ್’ ಎಂಬ ಸಾಧನವೊಂದಿದೆ, ನಿಜ. ಅದು ಹಳೆಯ ದಿನವಹಿಯನ್ನು ಎಸೆದು ಹೊಸತನ್ನು ತೊಡಗಿಸುತ್ತದೆ, ಸರ್ವರು ಏಳುತ್ತದೆ. ಆದರೆ ಅರ್ಧ ಏರಿಸಿದ ಲೆಕ್ಕಗಳು ಹಾಗೆಯೇ ಉಳಿದಿರಬಹುದು: ಒಂದು ಖಾತೆಯಿಂದ ಹಣ ಕಳೆದಿದ್ದು, ಇನ್ನೊಂದಕ್ಕೆ ಸೇರದಿರಬಹುದು. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ದಪ್ಪ ತಂತಿಯನ್ನು ಕಟ್ಟಿ ದೀಪ ಹೊತ್ತಿಸಿದಂತೆ ಇದು. ಅನ್ಯ ಮಾರ್ಗವಿಲ್ಲದೆ ಹೀಗೆ ಎಬ್ಬಿಸಿದರೂ, ಕೂಡಲೇ ದತ್ತಾಂಶವನ್ನು ಹೊರತೆಗೆದು, ಹೊಸ ಭಂಡಾರಕ್ಕೆ ತುಂಬಿ, ಪರಿಶೀಲಿಸಬೇಕು.

ಫ್ಯೂಸು ಸುಟ್ಟುಹೋಗುವುದು ಮನೆಯನ್ನುಳಿಸಲೆಂದೇ ಅಲ್ಲವೆ? ಏಳಲೊಲ್ಲದ ಸರ್ವರೂ ಅನೇಕ ವೇಳೆ ಸುಳ್ಳು ಲೆಕ್ಕವನ್ನು ಕೊಡಲೊಲ್ಲದೆ ನಿಂತಿರುತ್ತದೆ. ಅದು ನಿಂತ ಕಾರಣವನ್ನು ಓದಿ ತಿಳಿದ ಮೇಲೆಯೇ ಅದನ್ನು ಎಬ್ಬಿಸಲು ಹೊರಡುವುದು ಕ್ಷೇಮ.