ದೋಣಿಯ ಶೌಚತ್ಯಾಜ್ಯ ಸಂಗ್ರಹ ತೊಟ್ಟಿ

ಶೌಚತ್ಯಾಜ್ಯ ಸಂಗ್ರಹ ತೊಟ್ಟಿಯು ದೋಣಿಯ ಶೌಚಾಲಯದಿಂದ ಬರುವ ಮಲಮೂತ್ರವನ್ನು ನೀರಿಗೆ ಬಿಡದೆ ಶೇಖರಿಸಿಡುವ ಮುಚ್ಚಿದ ಟ್ಯಾಂಕ್ ಆಗಿದೆ. ಇದನ್ನು ಹೋಲ್ಡಿಂಗ್ ಟ್ಯಾಂಕ್ ಎಂದೂ ಕರೆಯುತ್ತಾರೆ. ಹಳೆಯ ವಿಹಾರ ದೋಣಿಗಳಲ್ಲಿ ಹಲವು ತ್ಯಾಜ್ಯವನ್ನು ನೇರವಾಗಿ ಹೊರಗೆ ಬಿಡುವಂತೆ ನಿರ್ಮಾಣವಾಗಿದ್ದು, ಅವುಗಳಿಗೆ ತೊಟ್ಟಿಯನ್ನು ಅನಂತರ ಅಳವಡಿಸಬೇಕಾಗುತ್ತದೆ.

ಹಿನ್ನೆಲೆ

ಸಂಸ್ಕರಿಸದ ತ್ಯಾಜ್ಯದಿಂದ ರೋಗಾಣುಗಳು ನೀರನ್ನು ಸೇರುತ್ತವೆ. ಅದರಲ್ಲಿರುವ ಸಾರಜನಕ ಮತ್ತು ರಂಜಕಗಳು ಪಾಚಿಯ ಬೆಳವಣಿಗೆಗೆ ಕಾರಣವಾಗುತ್ತವೆ. ಹರಿವು ಕಡಿಮೆಯಿರುವ ಸರೋವರ ಮತ್ತು ಕೊಲ್ಲಿಗಳಲ್ಲಿ ಈ ಪರಿಣಾಮ ಹೆಚ್ಚು. ಅಮೆರಿಕದಲ್ಲಿ ಶುದ್ಧ ನೀರು ಕಾಯಿದೆಯ 312ನೇ ವಿಭಾಗವು ದೋಣಿಗಳ ಶೌಚತ್ಯಾಜ್ಯವನ್ನು ನಿಯಂತ್ರಿಸುತ್ತದೆ. ಕರಾವಳಿಯಿಂದ 3 ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ತ್ಯಾಜ್ಯವನ್ನು ಬಿಡುವುದು ಅಲ್ಲಿ ನಿಷಿದ್ಧ. ಸ್ವೀಡನ್ 2015ರ ಏಪ್ರಿಲ್ 1ರಿಂದ ವಿಹಾರ ದೋಣಿಗಳು ತನ್ನ ಜಲಪ್ರದೇಶದಲ್ಲಿ ಶೌಚತ್ಯಾಜ್ಯ ಬಿಡುವುದನ್ನು ನಿಷೇಧಿಸಿದೆ.

ಅಳವಡಿಕೆ

ಹಳೆಯ ದೋಣಿಯಲ್ಲಿ ಮೊದಲ ಸಮಸ್ಯೆ ಸ್ಥಳಾವಕಾಶದ್ದು. ತೊಟ್ಟಿಯನ್ನು ಸಾಮಾನ್ಯವಾಗಿ ಆಸನದ ಅಥವಾ ಮಲಗುವ ಹಲಗೆಯ ಕೆಳಗೆ ಇರಿಸುತ್ತಾರೆ. 60 ಲೀಟರಿನ ತೊಟ್ಟಿ ತುಂಬಿದಾಗ ಸುಮಾರು 60 ಕಿಲೋಗ್ರಾಂ ಭಾರ ಸೇರುವುದರಿಂದ ಅದನ್ನು ಗಟ್ಟಿಯಾಗಿ ಬಿಗಿಯಬೇಕು. ದೋಣಿ ಒಂದು ಬದಿಗೆ ವಾಲದಂತೆ ಸ್ಥಳವನ್ನು ಆರಿಸಬೇಕು. ಮೂತ್ರವು ಲೋಹವನ್ನು, ವಿಶೇಷವಾಗಿ ಬೆಸುಗೆಯ ಭಾಗವನ್ನು ಕೊರೆಯುವುದರಿಂದ ದಪ್ಪ ಪಾಲಿಎಥಿಲೀನ್ ತೊಟ್ಟಿಗಳು ಹೆಚ್ಚು ಬಳಕೆಯಲ್ಲಿವೆ.

ತೊಟ್ಟಿಗೆ ಮುಖ್ಯವಾಗಿ ಮೂರು ಸಂಪರ್ಕಗಳಿರುತ್ತವೆ: ಶೌಚಾಲಯದಿಂದ ಬರುವ ಕೊಳವೆ, ದಡದ ಪಂಪಿನಿಂದ ತ್ಯಾಜ್ಯವನ್ನು ಹೀರಿಸಲು ಡೆಕ್‌ಗೆ ಹೋಗುವ ಕೊಳವೆ ಮತ್ತು ಗಾಳಿಕೊಳವೆ. ಗಾಳಿಕೊಳವೆ ಕಟ್ಟಿಕೊಂಡಿರುವಾಗ ಹೀರಿಸಿದರೆ ಒಳಗೆ ನಿರ್ವಾತ ಉಂಟಾಗಿ ತೊಟ್ಟಿ ಕುಗ್ಗಬಹುದು ಅಥವಾ ಬಿರಿಯಬಹುದು.

ದುರ್ವಾಸನೆ

ಆಮ್ಲಜನಕವಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉತ್ಪಾದಿಸುತ್ತವೆ. ಅಗಲವಾದ, ನೇರವಾದ ಗಾಳಿಕೊಳವೆಯಿಂದ ತೊಟ್ಟಿಗೆ ಗಾಳಿ ದೊರೆತು ವಾಸನೆ ತಗ್ಗುತ್ತದೆ. ಸಾಧಾರಣ ಕೊಳವೆಗಳ ಗೋಡೆಯ ಮೂಲಕವೂ ವಾಸನೆ ಹೊರಸೂಸುವುದರಿಂದ ಶೌಚತ್ಯಾಜ್ಯಕ್ಕೆಂದೇ ತಯಾರಾದ ಕೊಳವೆಗಳನ್ನು ಬಳಸಬೇಕು. ಹಳೆಯ ಕೊಳವೆಯನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ವಾಸನೆ ಅಂಟಿದರೆ ಅದನ್ನು ಬದಲಿಸಬೇಕೆಂದು ತಿಳಿಯಬಹುದು.

ಸುರಕ್ಷತೆ

ಶೌಚದ ಕುಳಿ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಹೊರಗಿನ ನೀರು ಸೈಫನ್ ಕ್ರಿಯೆಯಿಂದ ಒಳನುಗ್ಗಿ ದೋಣಿ ಮುಳುಗಬಹುದು. ಇದನ್ನು ತಡೆಯಲು ಹೊರನೀರಿಗೆ ಸಂಪರ್ಕವಿರುವ ಕೊಳವೆಗಳನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಬಾಗಿಸಿ, ಬಾಗಿನ ತುದಿಯಲ್ಲಿ ಗಾಳಿ ಕವಾಟವನ್ನು ಕೂರಿಸುತ್ತಾರೆ. ಸಮುದ್ರಕ್ಕೆ ತೆರೆಯುವ ಹಳೆಯ ಕವಾಟವನ್ನು ಉಳಿಸಿಕೊಂಡಲ್ಲಿ, ವಿಸರ್ಜನೆ ನಿಷೇಧಿತ ಪ್ರದೇಶಗಳಲ್ಲಿ ಅದನ್ನು ಮುಚ್ಚಿ ಬೀಗ ಹಾಕುವುದು ಅಥವಾ ಅದರ ಹಿಡಿಕೆಯನ್ನು ತೆಗೆದಿಡುವುದು ಅಮೆರಿಕದ ನಿಯಮಗಳು ಒಪ್ಪುವ ಕ್ರಮಗಳಲ್ಲಿ ಸೇರಿದೆ.