ಹಳೆಯ ಮೋಟಾರು ವಾಹನಗಳ ತಳಭಾಗದ ಪ್ರೈಮರ್ ಮತ್ತು ಬಣ್ಣ

ಹಳೆಯ ಕಾರು ಅಥವಾ ಜೀಪಿನ ಜೀರ್ಣೋದ್ಧಾರದಲ್ಲಿ ಅದರ ತಳಭಾಗಕ್ಕೆ ಆ ಕಾಲಕ್ಕೆ ಒಪ್ಪುವ ಪ್ರೈಮರ್ ಮತ್ತು ಮೇಲ್ಬಣ್ಣವನ್ನು ಆರಿಸುವುದು ಒಂದು ಮುಖ್ಯ ಹಂತ. ಲೋಹಕ್ಕೆ ಅಂಟಿಕೊಂಡು ತುಕ್ಕನ್ನು ತಡೆಯುವ ಮೊದಲ ಲೇಪವೇ ಪ್ರೈಮರ್. ತಳಭಾಗವು ಕಣ್ಣಿಗೆ ಕಾಣುವುದು ಅಪರೂಪವಾದುದರಿಂದ ವಾಹನದ ಮೊದಲ ಲೇಪದ ಕುರುಹು ಬಹುಕಾಲ ಉಳಿಯುವುದು ಅಲ್ಲಿಯೇ. ಅದನ್ನು ಪರಿಶೀಲಿಸದೆ ಕೆರೆದುಹಾಕಿದರೆ ಆ ಮಾಹಿತಿ ಮತ್ತೆ ದೊರೆಯುವುದಿಲ್ಲ.

ರಚನೆ ಮತ್ತು ಕಾಲ

ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯ ಅಂಬಾಸಿಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿದ್ದು, 1950ರ ದಶಕದ ಕೊನೆಯಿಂದ 2014ರವರೆಗೆ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಯಿತು. ಇದರಲ್ಲಿಯೂ ಫಿಯೆಟ್ 1100 ಆಧಾರಿತ ಪ್ರೀಮಿಯರ್ ಪದ್ಮಿನಿಯಲ್ಲಿಯೂ ಪ್ರತ್ಯೇಕ ಚಾಸಿ ಇಲ್ಲ. ತಳದ ತಗಡೇ ಭಾರವನ್ನು ಹೊರುತ್ತದೆ. ಆದ್ದರಿಂದ ತಳ ತುಕ್ಕು ಹಿಡಿದರೆ ಇಡೀ ಕಾರು ದುರ್ಬಲವಾಗುತ್ತದೆ. ಹಳೆಯ ಮಹೀಂದ್ರ ಜೀಪುಗಳಿಗೆ ಬೇರೆಯೇ ಚಾಸಿ ಇರುವುದರಿಂದ ಬಾಡಿಯನ್ನು ಬಿಚ್ಚಿ ಚಾಸಿಗೆ ಬಣ್ಣ ಹಚ್ಚಬಹುದು. ಒಂದೇ ಮಾದರಿ ದಶಕಗಳ ಕಾಲ ತಯಾರಾದಾಗ ಅದರ ಹೆಸರಷ್ಟೇ ತಿಳಿದರೆ ಸಾಲದು. ತಯಾರಾದ ವರ್ಷವೂ ತಿಳಿದಿರಬೇಕು.

ಪ್ರೈಮರ್‌ನ ಬಗೆಗಳು

* ರೆಡ್ ಆಕ್ಸೈಡ್: ಇದರ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬರುತ್ತದೆ, ಬೀದರ್ ನಗರದ ಜಂಬಿಟ್ಟಿಗೆ ಕಲ್ಲಿನ ಕೆಂಪಿಗೂ ಅದೇ ಕಾರಣ. ಇದು ನೀರಿಗೆ ತಡೆಯಾಗಿ ನಿಲ್ಲುತ್ತದೆಯೇ ಹೊರತು ರಾಸಾಯನಿಕವಾಗಿ ತುಕ್ಕನ್ನು ನಿಲ್ಲಿಸುವುದಿಲ್ಲ. ಮೇಲ್ಬಣ್ಣವಿಲ್ಲದೆ ಬಿಟ್ಟರೆ ತೇವ ಒಳಗಿಳಿಯುತ್ತದೆ.
* ರೆಡ್ ಲೆಡ್: ಸೀಸದ ಆಕ್ಸೈಡನ್ನು ಅಗಸೆ ಎಣ್ಣೆಯೊಂದಿಗೆ ಬೆರೆಸಿದ ಲೇಪ. ತುಕ್ಕನ್ನು ಚೆನ್ನಾಗಿ ತಡೆಯುತ್ತದೆ, ಆದರೆ ವಿಷಕಾರಿ.
* ಜಿಂಕ್ ಕ್ರೋಮೇಟ್: ಹಳದಿ ಛಾಯೆಯ ಲೇಪ. ಇದನ್ನು ರೆಡ್ ಆಕ್ಸೈಡಿನೊಂದಿಗೆ ಬೆರೆಸಿದ ಪ್ರೈಮರ್‌ಗೆ ಐಎಸ್ 2074 ಎಂಬ ಭಾರತೀಯ ಮಾನಕವಿದೆ. ಇದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್‌ಕಾರಕ.
* ವಿದ್ಯುತ್ ಲೇಪನ: ಬಾಡಿಯನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುವ ವಿಧಾನ. ಇದು ವಿದೇಶಿ ಕಾರ್ಖಾನೆಗಳಲ್ಲಿ 1960ರ ದಶಕದಿಂದ ಬಳಕೆಗೆ ಬಂದಿತು.

ಮೂಲ ಬಣ್ಣದ ಪತ್ತೆ

ಪೆಟ್ರೋಲ್ ಟ್ಯಾಂಕಿನ ಹಿಂಬದಿ, ಬ್ರಾಕೆಟ್ಟುಗಳ ಅಡಿ, ರಬ್ಬರ್ ಬಿರಡೆಗಳ ಸುತ್ತ ಮತ್ತು ಆಸನದ ಕೆಳಗೆ ಮೂಲ ಲೇಪ ಉಳಿದಿರುವ ಸಾಧ್ಯತೆ ಹೆಚ್ಚು. ಅಂತಹ ಕಡೆ ಸಣ್ಣ ಜಾಗವನ್ನು ನಯವಾದ ಎಮರಿ ಕಾಗದದಿಂದ ನೀರು ಹಾಕಿ ಉಜ್ಜಿದರೆ ಪದರಗಳು ಒಂದರೊಳಗೊಂದು ಬಳೆಗಳಂತೆ ಕಾಣುತ್ತವೆ. ಲೋಹಕ್ಕೆ ತಾಗಿರುವ ಪದರವು ಮೊದಲ ಪ್ರೈಮರ್, ಹೊರಗಿನವು ನಂತರದವು. ಆದರೆ ಹಿಂದೆ ಯಾವಾಗಲಾದರೂ ಲೋಹದವರೆಗೆ ಕೆರೆದಿದ್ದರೆ ಈ ಗುರುತು ದಾರಿ ತಪ್ಪಿಸಬಹುದು. ಹೀಗಾಗಿ ಹಲವು ಕಡೆ ನೋಡಿ, ಹಗಲು ಬೆಳಕಿನಲ್ಲಿ ಛಾಯಾಚಿತ್ರ ತೆಗೆದು, ಭಾರತೀಯ ಬಣ್ಣಗಳ ಮಾನಕವಾದ ಐಎಸ್ 5ರ ಪಟ್ಟಿಯೊಂದಿಗೆ ಹೋಲಿಸುವುದು ಉತ್ತಮ.

ಬೀದರ್ ಜಿಲ್ಲೆಯ ಪರಿಸರ

ಬೀದರ್ ನಗರದ ಸುತ್ತ ಕೆಂಪು ಮಣ್ಣಿದ್ದರೆ ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಎರೆಮಣ್ಣು ಹೆಚ್ಚು. ಮುಂಗಾರಿನಲ್ಲಿ ಎರೆಮಣ್ಣು ಚಕ್ರದ ಗೂಡಿಗೂ ತಳದ ಸಂದುಗಳಿಗೂ ಅಂಟಿ, ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವನ್ನು ಹಿಡಿದಿಡುತ್ತದೆ. ಒಣ ಹವೆಯ ಈ ಪ್ರದೇಶದಲ್ಲಿಯೂ ತಳ ತುಕ್ಕು ಹಿಡಿಯಲು ಇದೊಂದು ಕಾರಣ. ಮಣ್ಣಿನ ಮೇಲೆಯೇ ಡಾಂಬರಿನಂತಹ ದಪ್ಪ ಕಪ್ಪು ಲೇಪ ಬಳಿದರೆ ತುಕ್ಕು ಮರೆಯಾಗುತ್ತದೆ, ನಿಲ್ಲುವುದಿಲ್ಲ.

ಆಯ್ಕೆಯ ಕ್ರಮ

ಮೂಲ ಲೇಪ ಗಟ್ಟಿಯಾಗಿದ್ದರೆ ತೊಳೆದು ಹಾಗೆಯೇ ಉಳಿಸುವುದು ಮೊದಲ ಆಯ್ಕೆ. ಅಂತರರಾಷ್ಟ್ರೀಯ ಹಳೆಯ ವಾಹನಗಳ ಒಕ್ಕೂಟದ ಟುರಿನ್ ಸನ್ನದು ಸಹ ಕನಿಷ್ಠ ಬದಲಾವಣೆಯನ್ನೇ ಎತ್ತಿಹಿಡಿಯುತ್ತದೆ. ಲೇಪ ಹಾಳಾಗಿದ್ದರೆ ತುಕ್ಕು ತೆಗೆದು, ಸೀಸ ಮತ್ತು ಕ್ರೋಮೇಟ್ ಇಲ್ಲದ ಎಪಾಕ್ಸಿ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರನ್ನು ಹಳೆಯ ಛಾಯೆಯಲ್ಲಿಯೇ ಹಚ್ಚಬಹುದು. ಆಗ ನೋಟ ಹಳೆಯದಾಗಿಯೂ ರಕ್ಷಣೆ ಹೊಸದಾಗಿಯೂ ಇರುತ್ತದೆ. ಮೇಲ್ಬಣ್ಣದ ಹೊಳಪು ಸಹ ಮೂಲದಷ್ಟೇ ಇರಬೇಕು. ಅಂಗೈಯಗಲದಷ್ಟು ಮೂಲ ಲೇಪವನ್ನು ಒಂದೆಡೆ ಬಿಟ್ಟರೆ ಮುಂದಿನವರಿಗೆ ಸಾಕ್ಷಿ ಉಳಿಯುತ್ತದೆ.

ಆರೋಗ್ಯ ಮತ್ತು ಕಾನೂನು

ಹಳೆಯ ಲೇಪವನ್ನು ಗ್ರೈಂಡರ್‌ನಿಂದ ಒಣದಾಗಿ ಕೆರೆದರೆ ಸೀಸ ಮತ್ತು ಕ್ರೋಮಿಯಂ ಬೆರೆತ ದೂಳು ಏಳಬಹುದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಆದುದರಿಂದ ಒದ್ದೆಯಾಗಿ ಉಜ್ಜುವುದು, ಸೂಕ್ತ ಮುಖಗವಸು ಧರಿಸುವುದು ಮತ್ತು ಮನೆಯಂಗಳದಲ್ಲಿ ಈ ಕೆಲಸ ಮಾಡದಿರುವುದು ಅಗತ್ಯ.

ಕೇಂದ್ರ ಸರ್ಕಾರದ 2021ರ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಇಂಜಿನ್ ಗಣನೀಯವಾಗಿ ಮಾರ್ಪಡದ ವಾಹನಗಳನ್ನು 'ವಿಎ' ಸರಣಿಯಲ್ಲಿ ವಿಂಟೇಜ್ ವಾಹನಗಳಾಗಿ ನೋಂದಾಯಿಸಬಹುದು. ಆದ್ದರಿಂದ ಲೋಹದಲ್ಲಿ ಅಚ್ಚೊತ್ತಿದ ಚಾಸಿ ಸಂಖ್ಯೆಯು ಉಜ್ಜಾಟದಲ್ಲಿ ಸವೆಯದಂತೆ, ದಪ್ಪ ಬಣ್ಣದಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.